ಬಲಗಿವಿಯ ಗುಳಿಗೆ

ಕುರಿ ದನ ಸಾಕುವ ನಮ್ಮ ಕುರಾಬಿ ಊರಿನಲ್ಲಿ ಮನುಷ್ಯರ ತಲೆಗಿಂತ ನಾಯಿಗಳ ತಲೆಗೆ ಬೀಳುವ ಪೆಟ್ಟೇ ಹೆಚ್ಚು. ಕುದುರೆ ಒದೆಯುತ್ತದೆ, ಹೋರಿ ಗೇಟಿಗೆ ಒತ್ತಿ ಹಿಡಿಯುತ್ತದೆ, ಓಡುವ ಪಿಕಪ್ಪಿನ ಹಿಂಬದಿಯಿಂದ ಕಾಂಗರೂ ನೋಡಿ ಹಾರಿಬಿಡುತ್ತವೆ. ಬೆಕ್ಕುಗಳದು ಇನ್ನೊಂದು ಬಗೆಯ ದುರದೃಷ್ಟ. ಚಳಿಗೆ ಕಾರಿನ ಇಂಜಿನ್ನಿನ ಮೇಲೆ ಬೆಚ್ಚಗೆ ಮಲಗಿರುತ್ತವೆ, ಬೆಳಿಗ್ಗೆ ಯಜಮಾನ ಬಂದು ಕೀಲಿ ತಿರುಗಿಸುತ್ತಾನೆ. ಹೀಗೆ ಬಂದ ತಲೆಗಳನ್ನೆಲ್ಲ ಸ್ಕ್ಯಾನ್ ಯಂತ್ರದ ಬಾಯಿಗೆ ಕೊಟ್ಟು, ಒಳಗೆ ಏನಾಗಿದೆ ಎಂದು ಚಿತ್ರ ತೆಗೆಯುವುದು ಡೋರಿನ್ ಹ್ಯಾಕೆಟ್‌ಳ ಕೆಲಸ.

ಅವಳು ಹುಟ್ಟಾ ಪಶುವೈದ್ಯರ ಪೈಕಿಯವಳಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನುಷ್ಯರ ಚಿತ್ರ ತೆಗೆದು ತೆಗೆದು ಕೂದಲು ಬೆಳ್ಳಗಾದ ಮೇಲೆ ನಿವೃತ್ತಳಾದಳು. ಮನೆಯಲ್ಲಿ ಕೂತು ಗುಲಾಬಿ ಗಿಡ ಸವರುವುದು ಅವಳ ಜಾಯಮಾನಕ್ಕೆ ಒಗ್ಗಲಿಲ್ಲ. ಅದೇ ಸಮಯಕ್ಕೆ ಆಸ್ಪತ್ರೆ ತನ್ನ ಹಳೆಯ ಸ್ಕ್ಯಾನ್ ಯಂತ್ರವನ್ನು ಮಾರಿತು, ಊರಿನ ಪಶು ಚಿಕಿತ್ಸಾಲಯ ಕೊಂಡಿತು. ಅದನ್ನು ನಡೆಸಲು ಬಲ್ಲವರೇ ಇರಲಿಲ್ಲ. “ಯಂತ್ರ ಎತ್ತೋವಾಗ ಅದಕ್ಕೆ ಒರಗಿಕೊಂಡು ನಿಂತಿದ್ದೆ, ನನ್ನನ್ನೂ ಸೇರಿಸಿ ಲಾರಿಗೆ ಹಾಕಿದ್ರು,” ಎಂದು ಅವಳೇ ನಗೆಯಾಡುತ್ತಿದ್ದಳು. ಮನುಷ್ಯರನ್ನು ಬಿಟ್ಟುಬಂದದ್ದಕ್ಕೆ ಅವಳಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. “ಇವು ವಾಸಿ. ಕುಡಿದು ಬಿದ್ದು, ಮೆಟ್ಟಿಲು ಜಾರಿತು ಅಂತ ಸುಳ್ಳು ಹೇಳಲ್ಲ.” ಸುಳ್ಳು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು, ಅದರಿಂದ ಊರಿನಲ್ಲಿ ಸ್ನೇಹಿತರು ಕಡಿಮೆ, ಹೆದರುವವರು ಹೆಚ್ಚು.

ಆ ಯಂತ್ರಕ್ಕೊಂದು ಹುಟ್ಟುಗುಣವಿತ್ತು. ಮನುಷ್ಯರಿಗೆಂದು ಮಾಡಿದ್ದು, ತನ್ನೊಳಗೆ ಬರುವವರೆಲ್ಲ ಅಂಗಾತ ಮಲಗಿದ ಮನುಷ್ಯರೇ ಎಂದು ಅದರ ನಂಬಿಕೆ. ನಾಯಿಯನ್ನಾದರೋ ಬೋರಲು ಮಲಗಿಸಬೇಕು. ಹಾಗಾಗಿ ಪರದೆಯ ಮೂಲೆಯಲ್ಲಿ ಎಡ ಬಲ ತೋರಿಸುವ ಅಕ್ಷರಗಳು ಒಮ್ಮೆ ಸರಿಯಾಗಿರುತ್ತಿದ್ದವು, ಒಮ್ಮೆ ಅದಲುಬದಲಾಗಿರುತ್ತಿದ್ದವು. ರಿಪೇರಿಯವನು ಬ್ರಿಸ್ಬೇನಿನಿಂದ ಬಂದು, ಏನೇನೋ ಒತ್ತಿ, ಊಟ ಮಾಡಿ ಹೋದ. ಗುಣ ಬದಲಾಗಲಿಲ್ಲ. ಕೊನೆಗೆ ಡೋರಿನ್ ಆ ಅಕ್ಷರಗಳ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿ ಮುಚ್ಚಿಬಿಟ್ಟಳು. ಅದರ ಬದಲು ತನ್ನದೇ ಒಂದು ಪದ್ಧತಿ ತಂದಳು. ಪ್ರಾಣಿಯ ಬಲಗಿವಿಯ ಬುಡಕ್ಕೆ ಒಂದು ಮೀನೆಣ್ಣೆ ಗುಳಿಗೆಯನ್ನು ಟೇಪಿನಿಂದ ಅಂಟಿಸುವುದು. ಚಿತ್ರದಲ್ಲಿ ಅದು ತಲೆಯ ಪಕ್ಕ ಗುಂಡಗಿನ ಚುಕ್ಕೆಯಾಗಿ ಕಾಣುತ್ತಿತ್ತು. ಚುಕ್ಕೆ ಇರುವ ಕಡೆ ಬಲ. ಅಷ್ಟೇ.

ಹೊಸದಾಗಿ ಬಂದ ಡಾಕ್ಟರ್ ಕ್ಯಾಲಮ್ ಫೆನ್‌ಗೆ ಅವಳು ಮೊದಲ ದಿನವೇ ಪಾಠ ಮಾಡಿದ್ದಳು. “ನೋಡಪ್ಪಾ, ತಲೆ ಕೊಯ್ಯೋ ಮುಂಚೆ ಯಂತ್ರ ಹೇಳೋದು ನಂಬಬೇಡ. ಗಾಯ ಎಲ್ಲಿದೆ ಅಂತ ನಿನ್ನ ಕಣ್ಣು ಹೇಳೋದನ್ನೂ ನಂಬಬೇಡ. ಬಲಕ್ಕೆ ಹೊಡೆತ ಬಿದ್ರೆ ಮಿದುಳು ಹೋಗಿ ಎಡಗಡೆ ಬುರುಡೆಗೆ ಅಪ್ಪಳಿಸತ್ತೆ, ರಕ್ತ ಅಲ್ಲಿ ಕಟ್ಟಿರತ್ತೆ. ಗುಳಿಗೆ ನಂಬು.”

“ಸಂತ ಗುಳಿಗೆಗೆ ಜಯವಾಗಲಿ,” ಎಂದಿದ್ದ ಕ್ಯಾಲಮ್.

“ನಗು ನಗು. ತಪ್ಪು ಕಡೆ ತೂತು ಕೊರೆದ ದಿನ ನಾನು ನಗ್ತೀನಿ.”

ಈ ಮಾತನ್ನು ಅವಳು ಎಷ್ಟು ಸಲ ಆಡಿದ್ದಳೋ. ಆಡಿದ ಮಾತು ತಿರುಗಿ ಬಂದು ಕಚ್ಚುತ್ತದೆಂದು ಯಾರು ಅಂದುಕೊಂಡಿದ್ದರು?

ನಮ್ಮಲ್ಲಿ ಬೇಸಿಗೆ ಉರಿಯುವ ಜನವರಿಯ ಒಂದು ಬೆಳಿಗ್ಗೆ ಮರ್ವ್ ಟಾಲಿಸ್ ತನ್ನ ಅಂಗಿಯಲ್ಲಿ ಟಿಲ್ಲಿಯನ್ನು ಸುತ್ತಿಕೊಂಡು, ಬರೀ ಬನೀನಿನಲ್ಲಿ ಚಿಕಿತ್ಸಾಲಯದ ಬಾಗಿಲನ್ನು ಕಾಲಿನಿಂದ ತಳ್ಳಿಕೊಂಡು ಬಂದ. ಕುರಿ ಕಾಯುವ ಕೆಂಚು ಬಣ್ಣದ ಹೆಣ್ಣು ಕೆಲ್ಪಿ ನಾಯಿ ಅದು. ಹೆಸರಿಗೆ ಮರ್ವ್‌ನದು, ಜೀವ ಮಾತ್ರ ಅವನ ಹೆಂಡತಿ ಯೂನಾಳದು. ಅವಳು ತಾಯಿ ಸತ್ತ ಮರಿಯನ್ನು ಒಲೆ ಪಕ್ಕ ಇಟ್ಟುಕೊಂಡು ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಆ ಬೆಳಿಗ್ಗೆ ಅದು ಪಿಕಪ್ಪಿನಿಂದ ಬಿದ್ದು ಗೇಟಿನ ಕಂಬಕ್ಕೆ ತಲೆ ಹೊಡೆದುಕೊಂಡಿತ್ತು. ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಬಲಗಿವಿ ಹರಿದು ಚಿಂದಿಯಾಗಿ ಜೋಲಾಡುತ್ತಿತ್ತು.

ಕ್ಯಾಲಮ್ ನೋಡಿದ, ಚುಚ್ಚುಮದ್ದು ಕೊಟ್ಟ, ಗಂಟಲಿಗೆ ನಳಿಕೆ ಇಳಿಸಿದ. “ಚಿತ್ರ ತೆಗಿ ಡೋರಿನ್. ಒಳಗೆ ರಕ್ತ ಕಟ್ಟಿದ್ರೆ ತೆಗೀಬಹುದು. ಬೇಗ ತೆಗೆದ್ರೆ ಉಳಿಯತ್ತೆ,” ಎಂದು ಹೇಳಿ, ಒಪ್ಪಿಗೆ ಕೇಳಲು ಮರ್ವ್‌ನ ಹತ್ತಿರ ಹೋದ. ನರ್ಸ್ ಟ್ರೂಡಿ ಶಸ್ತ್ರಚಿಕಿತ್ಸೆಯ ಕೋಣೆ ಅಣಿಮಾಡಲು ಓಡಿದಳು. ಸ್ಕ್ಯಾನ್ ಕೋಣೆಯಲ್ಲಿ ಉಳಿದವರು ಡೋರಿನ್ ಮತ್ತು ನಾಯಿ.

ಲೋಹ ಯಾವುದಿದ್ದರೂ ಚಿತ್ರದಲ್ಲಿ ಗೆರೆ ಎಳೆದು ಕೆಡಿಸುತ್ತದೆ. ಅವಳು ಟಿಲ್ಲಿಯ ಕೊರಳಪಟ್ಟಿ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಿದಳು. ಚರ್ಮದ ಪಟ್ಟಿ, ಅದಕ್ಕೆ ಸರಪಳಿ ಸಿಕ್ಕಿಸುವ ಒಂದು ಹಿತ್ತಾಳೆಯ ಬಳೆ, ಮತ್ತೇನೂ ಇರಲಿಲ್ಲ. ಆಮೇಲೆ ಗುಳಿಗೆ ತೆಗೆದು ಬಲಗಿವಿಯ ಬುಡಕ್ಕೆ ಟೇಪು ಒತ್ತಿದಳು. ನಿಲ್ಲಲಿಲ್ಲ. ಒರೆಸಿ ಒತ್ತಿದಳು, ಮತ್ತೆ ರಕ್ತ ಜಿನುಗಿ ಗುಳಿಗೆ ಮೇಜಿನ ಮೇಲೆ ಉರುಳಿತು. ಅಂಟಿಸಲು ಆ ಕಡೆ ಒಣಗಿದ ಜಾಗವೇ ಇರಲಿಲ್ಲ. ಹೊತ್ತು ಹೋಗುತ್ತಿತ್ತು. ಅವಳು ಗುಳಿಗೆಯನ್ನು ಎಡಗಿವಿಗೆ ಅಂಟಿಸಿದಳು.

“ಇವತ್ತು ಎಡಕ್ಕೆ,” ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು. “ಅವನು ಬಂದ ತಕ್ಷಣ ಹೇಳ್ಬೇಕು.”

ಚಿತ್ರ ಮುಗಿದು ಪರದೆಯ ಮೇಲೆ ಬರುವುದಕ್ಕೂ ಕ್ಯಾಲಮ್ ಒಳಗೆ ಬರುವುದಕ್ಕೂ ಸರಿಹೋಯಿತು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಗಾಜಿನ ಆಚೆ ನಾಯಿಯ ಉಸಿರು ನಿಂತಿತೆಂದು ಉಸಿರು ಅಳೆಯುವ ಯಂತ್ರ ಕೂಗಿತು. ಮಾತು ಅಲ್ಲೇ ಬಿಟ್ಟು ಒಳಗೆ ಓಡಿದಳು. ನಳಿಕೆಗೆ ಗಾಳಿಚೀಲ ಸಿಕ್ಕಿಸಿ ಒತ್ತತೊಡಗಿದಳು. ಒತ್ತು, ಬಿಡು, ಒತ್ತು, ಬಿಡು. ತಲೆಯಲ್ಲಿ ಇನ್ನೇನೂ ಇರಲಿಲ್ಲ.

ಕ್ಯಾಲಮ್ ಪರದೆಯ ಮುಂದೆ ನಿಂತಿದ್ದ. ಮಿದುಳನ್ನು ಒಂದು ಕಡೆಯಿಂದ ಅದುಮಿ ಹಿಡಿದ ರಕ್ತದ ಗಡ್ಡೆ ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತಿತ್ತು. ಚುಕ್ಕೆ ತಲೆಯ ಇನ್ನೊಂದು ಪಕ್ಕಕ್ಕಿತ್ತು. ಚುಕ್ಕೆಯ ಕಡೆ ಬಲ ಎಂಬ ಅವನ ಲೆಕ್ಕದಲ್ಲಿ ಹೊರಗಿನ ಗಾಯ ಬಲಕ್ಕೆ, ಗಡ್ಡೆ ಎಡಕ್ಕೆ. ಅವನು ಒಂದು ಗಳಿಗೆ ಅನುಮಾನಿಸಿದನಂತೆ. ಆಮೇಲೆ ಡೋರಿನ್ ಕಲಿಸಿದ ಪಾಠ ನೆನಪಾಯಿತಂತೆ.

“ಸಿಕ್ತು. ಎತ್ತು,” ಎಂದ.

ಇಬ್ಬರೂ ಸೇರಿ ನಾಯಿಯನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ಸಾಗಿಸಿದರು. ಎತ್ತುವ ಅವಸರದಲ್ಲಿ ಕಿವಿಯ ಟೇಪು ಕಳಚಿ ಗುಳಿಗೆ ಎಲ್ಲೋ ಉರುಳಿತು, ಯಾರೂ ಗಮನಿಸಲಿಲ್ಲ. ಟ್ರೂಡಿ ಗಾಳಿಚೀಲ ತೆಗೆದುಕೊಂಡಳು, ಬಾಗಿಲು ಮುಚ್ಚಿತು. ಡೋರಿನ್ ಚಹಾ ಮಾಡಿ ಎರಡು ಲೋಟ ಹಿಡಿದುಕೊಂಡು ಹೊರಗೆ ಮರ್ವ್‌ನ ಪಕ್ಕ ಬಂದು ಕೂತಳು. ಅವನಿಗೆ ಯಾರದೋ ಹಳೆಯ ಕೋಟು ಹೊದಿಸಿದ್ದರು, ಆ ಸೆಕೆಯಲ್ಲೂ ಅವನು ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

“ರಕ್ತದ ಗಡ್ಡೆ ಇದೆ. ತೆಗೀತಾನೆ. ಹುಡುಗನ ಕೈ ಚೆನ್ನಾಗಿದೆ,” ಎಂದಳು.

“ಯೂನಾ ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ಕೂಗಿದ್ಳು, ಕಟ್ಟಿದ್ಯೇನೋ ಅದನ್ನ ಅಂತ,” ಎಂದ ಮರ್ವ್. “ಹ್ಞೂಂ ಅಂದೆ.”

“ಕಟ್ಟಿದ್ಯಾ?”

“ಇಲ್ಲ. ಸರಪಳಿ ಅಲ್ಲೇ ಬಿದ್ದಿತ್ತು, ಕಾಲ ಹತ್ರ. ಬಗ್ಗೋಕೆ ಸೋಮಾರಿತನ. ಗೇಟಿನ ತನಕ ತಾನೇ ಅಂದ್ಕೊಂಡೆ.” ಚಹಾ ಕುಡಿಯಲಿಲ್ಲ, ಲೋಟದೊಳಗೆ ನೋಡುತ್ತ ಕೂತ. “ಇದು ಹೋದ್ರೆ ಅವಳು ನನ್ನ ಮುಖ ನೋಡಲ್ಲ ಡೋರಿನ್. ನೋಡಬಾರದು ಕೂಡ.”

ಸಮಾಧಾನ ಹೇಳುವುದು ಡೋರಿನ್‌ಗೆ ಬರುತ್ತಿರಲಿಲ್ಲ. ಅವನ ಮಂಡಿಯನ್ನು ಒಂದು ಸಲ ತಟ್ಟಿ, ಮೇಜು ತೊಳೆಯುವ ನೆಪ ಮಾಡಿಕೊಂಡು ಒಳಗೆ ಹೋದಳು. ಸ್ಕ್ಯಾನ್ ಕೋಣೆಯಲ್ಲಿ ರಕ್ತ ಒರೆಸಿದಳು. ಪರದೆ ಇನ್ನೂ ಉರಿಯುತ್ತಿತ್ತು. ಆರಿಸಲು ಕೈ ಚಾಚಿದವಳು ಚುಕ್ಕೆಯನ್ನು ನೋಡಿದಳು.

ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಇತ್ತು, ಅದನ್ನು ಹಿಡಿದುಕೊಂಡೇ ಓಡಿದಳು. ಕೈ ತೊಳೆಯದೆ, ಮುಖಕ್ಕೆ ಬಟ್ಟೆ ಕಟ್ಟದೆ ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲು ದೂಡಿದಳು. ಟಿಲ್ಲಿಯ ತಲೆಯ ಎಡಭಾಗ ಬೋಳಿಸಿತ್ತು, ಚರ್ಮ ಬಿಡಿಸಿತ್ತು, ಬುರುಡೆಯಲ್ಲಿ ಒಂದು ಕಿಟಕಿ ತೆರೆದಿತ್ತು. ಅದರೊಳಗೆ ಗಡ್ಡೆಯ ಸುಳಿವಿಲ್ಲದ, ಶುದ್ಧವಾದ ಮಿದುಳು. ಕ್ಯಾಲಮ್ ಅದನ್ನೇ ನೋಡುತ್ತ ನಿಂತಿದ್ದ.

“ಆ ಕಡೆ,” ಎಂದಳು ಡೋರಿನ್. “ಗುಳಿಗೆ ಎಡಕ್ಕೆ ಹಾಕಿದ್ದೆ. ಬಲಗಡೆ ತೆಗಿ.”

ಅವನೂ ಅವಳೂ ಸೇರಿ ನಾಯಿಯ ತಲೆ ಹೊರಳಿಸಿದರು, ಟ್ರೂಡಿ ಬೋಳಿಸಿದಳು, ಅವನು ಮತ್ತೆ ಮೊದಲಿನಿಂದ ಶುರುಮಾಡಿದ. ಗಡ್ಡೆ ಅಲ್ಲೇ ಇತ್ತು, ಕಪ್ಪಗೆ, ಕಾದು ಕೂತ ಹಾಗೆ. ಅದನ್ನು ತೆಗೆದ. ಪೂರ್ತಿ ತೆಗೆದ. ಅಷ್ಟು ಹೊತ್ತಿಗೆ ಹೃದಯ ಮೆಲ್ಲಗಾಗಿತ್ತು, ಆಮೇಲೆ ಎದೆ ಒತ್ತಿದರೂ ಮದ್ದು ಕೊಟ್ಟರೂ ನಿಂತೇಹೋಯಿತು.

ಕೈ ತೊಳೆಯುವ ಬಚ್ಚಲ ಹತ್ತಿರ ಕ್ಯಾಲಮ್ ನಲ್ಲಿ ಬಿಟ್ಟುಕೊಂಡು ನಿಂತ. “ಕೊಯ್ದಿದ್ದು ನಾನು. ಗಾಯ ಬಲಕ್ಕಿತ್ತು, ಒಂದು ಮಾತು ಕೇಳಬಹುದಿತ್ತು,” ಎಂದ.

“ಕೇಳಬೇಡ ಅಂತ ಕಲಿಸಿದವಳು ನಾನು.”

“ಮೊದಲೇ ಸರಿ ಕಡೆ ತೆಗೆದಿದ್ರೂ ಉಳೀತಿತ್ತು ಅಂತ ಏನು ಗ್ಯಾರಂಟಿ?”

“ಸಾಯ್ತಿತ್ತು ಅಂತ ಏನು ಗ್ಯಾರಂಟಿ?”

ಅವನು ನಲ್ಲಿ ನಿಲ್ಲಿಸಿ, ಮುಖ ಒರೆಸಿಕೊಂಡು ಹೊರಗೆ ಹೋದ. ಮರ್ವ್‌ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೇಳಿದ: “ಪೆಟ್ಟು ತುಂಬಾ ಜೋರಾಗಿತ್ತು. ಕೈಲಾದದ್ದು ಮಾಡಿದ್ವಿ.” ಎರಡೂ ಸುಳ್ಳಲ್ಲ. ಡೋರಿನ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮರ್ವ್ ತಲೆಯಾಡಿಸಿದ. “ನಾನೇ ಕೊಂದೆ,” ಎಂದ, ಯಾರಿಗೂ ಅಲ್ಲದ ಹಾಗೆ.

ಡೋರಿನ್ ಸುಮ್ಮನಿದ್ದರೆ ಆಯಿತು. ನಾಯಿ ಪಿಕಪ್ಪಿನಿಂದ ಬಿತ್ತು, ಸತ್ತಿತು, ಕತೆ ಮುಗಿಯಿತು. ಬಿದ್ದದ್ದಕ್ಕೆ ಅವನು ಕಾರಣ, ಅದನ್ನು ಅವನೇ ಒಪ್ಪಿಕೊಂಡಿದ್ದಾನೆ. ಇನ್ನೊಂದಷ್ಟು ಭಾರ ಅವನ ಹೆಗಲ ಮೇಲೇ ಇದ್ದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಆ ಇನ್ನೊಂದಷ್ಟು ಅವಳದ್ದು. ತನ್ನದನ್ನು ಇನ್ನೊಬ್ಬನ ಮೇಲೆ ಹೊರಿಸಿ ಮನೆಗೆ ಹೋಗಿ ಊಟ ಮಾಡುವುದು ಅವಳಿಂದ ಆಗುವ ಕೆಲಸವಲ್ಲ.

ಮರ್ವ್ ಹಿತ್ತಲಿನ ನಲ್ಲಿಯ ಹತ್ತಿರ ಪಿಕಪ್ಪಿನ ಹಿಂಬದಿ ತೊಳೆಯುತ್ತಿದ್ದ. ಯೂನಾ ರಕ್ತ ನೋಡಬಾರದೆಂದು. ನಾಯಿಯನ್ನು ಆ ಹೊತ್ತು ಮನೆಗೆ ಒಯ್ಯಲು ಅವನಿಗೆ ಧೈರ್ಯವಿರಲಿಲ್ಲ. ಡೋರಿನ್ ಹೋಗಿ ಎದುರು ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗುಳಿಗೆ, ಹರಿದ ಕಿವಿ, ಉಸಿರು ನಿಂತದ್ದು, ಹೇಳಲು ಮರೆತದ್ದು, ತಪ್ಪು ಕಡೆ ಕೊಯ್ದದ್ದು. “ಬೀಳಿಸಿದವನು ನೀನು. ಬದುಕೋ ದಾರಿ ಇತ್ತು, ಅದನ್ನ ಕಳೆದವಳು ನಾನು.”

ಕೊಳವೆಯ ನೀರು ಅವನ ಬೂಟಿನ ಮೇಲೆ ಸುರಿಯುತ್ತಿತ್ತು. ಅವನು ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಅವಳು ಕಾದಳು. ಅವನು ನಲ್ಲಿ ನಿಲ್ಲಿಸಿದ.

“ಇದನ್ನ ಯೂನಾಗೆ ಹೇಳಬಹುದಾ?” ಎಂದು ಕೇಳಿದ. ಶಾಲೆಯಲ್ಲಿ ಹೊರಗೆ ಹೋಗಲು ಅಪ್ಪಣೆ ಕೇಳುವ ದನಿ.

“ಹೇಳು,” ಎಂದಳು.

ಮಾರನೆಯ ದಿನ ಯೂನಾ ಟಾಲಿಸ್ ಒಬ್ಬಳೇ ಅದೇ ಪಿಕಪ್ ಓಡಿಸಿಕೊಂಡು ಬಂದಳು. ಉದ್ದನೆಯ ಹೆಂಗಸು. ಬಹಳ ಕಾಲ ಶಾಲೆಯ ಬಸ್ಸು ಓಡಿಸಿದ್ದರಿಂದ, ಎದುರಿಗಿರುವವರನ್ನೆಲ್ಲ ಹಿಂದಿನ ಸೀಟಿನಲ್ಲಿ ಗಲಾಟೆ ಮಾಡುವ ಮಕ್ಕಳ ಹಾಗೆ ನೋಡುವ ಕಣ್ಣು. ಕೈಯಲ್ಲಿ ಕೇಕಿನ ಡಬ್ಬಿ. ನಮ್ಮಲ್ಲಿ ಪ್ರಾಣಿ ಉಳಿದರೂ ಹೋದರೂ ನೋಡಿಕೊಂಡವರಿಗೆ ಏನಾದರೂ ಬೇಯಿಸಿ ತರುವುದುಂಟು. ಕ್ಯಾಲಮ್ ಹಿತ್ತಲಿನಲ್ಲಿ ಪಿಕಪ್ಪಿಗೆ ನಾಯಿಯನ್ನು ಏರಿಸಲು ಹೋದ. ಅವಳು ನೆಟ್ಟಗೆ ಸ್ಕ್ಯಾನ್ ಕೋಣೆಗೆ ಬಂದಳು.

“ನಿನ್ನ ಹತ್ರ ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ,” ಎಂದಳು. “ಮರ್ವ್ ಒಂದು ಕತೆ ಕಟ್ಟಿದ್ದಾನೆ. ನೀವು ಎಡ ಬಲ ಅದಲುಬದಲು ಮಾಡಿ ಟಿಲ್ಲಿನ ಸಾಯಿಸಿದ್ರಂತೆ. ಊರಲ್ಲಿ ಅವನು ಹಾಗಂತ ಹೇಳ್ಕೊಂಡು ತಿರುಗಿದ್ರೆ ನೀನು ತಲೆಗೆ ಹಚ್ಕೋಬೇಡ. ಮದುವೆ ಆದಾಗಿಂದ ಕೇಳ್ತಿದೀನಿ ಇಂಥವು. ಬೇಲಿ ಬಿದ್ರೆ ಗಾಳಿದು ತಪ್ಪು, ಪಂಪು ಕೆಟ್ರೆ ಪಕ್ಕದ ಹೊಲದವನದ್ದು, ಮೀನು ಸಿಗದಿದ್ರೆ ನದಿದು. ಒಂದಿನಾನೂ ನಾನು ಮಾಡ್ದೆ ಅಂದ ಪ್ರಾಣಿ ಅಲ್ಲ ಅದು. ನಿನ್ನೆ ನೇರ ಹೇಳಿಬಿಟ್ಟೆ, ಮನೆಯೊಳಗೆ ಕಾಲಿಡಬೇಡ ಅಂತ. ಉಣ್ಣೆ ಕತ್ತರಿಸೋ ಶೆಡ್ಡಲ್ಲಿ ಬಿದ್ಕೊಂಡಿದ್ದಾನೆ.” ಡಬ್ಬಿಯನ್ನು ಮೇಜಿನ ಮೇಲಿಟ್ಟಳು. “ನೀವು ಮಾಡೋದೆಲ್ಲ ಮಾಡಿದ್ರಿ. ಅದು ನಂಗೆ ಗೊತ್ತು.”

ಇಷ್ಟು ಸುಲಭವಾಗಿ ಯಾರೂ ಡೋರಿನ್‌ಗೆ ಕ್ಷಮೆ ತಂದುಕೊಟ್ಟಿರಲಿಲ್ಲ. ಅದೂ ಒಣದ್ರಾಕ್ಷಿ ಕೇಕಿನ ಜೊತೆ. ತೆಗೆದುಕೊಳ್ಳಲು ಆಸೆಯಾಯಿತು, ನಾಚಿಕೆಗೆಟ್ಟ ಆಸೆ. ಒಂದು ಗಳಿಗೆ ಅದಕ್ಕೆ ಮನಸ್ಸು ವಾಲಿತು ಕೂಡ.

“ಯೂನಾ, ಕೂತ್ಕೋ,” ಎಂದಳು. “ಈ ಸಲ ಅವನು ಸುಳ್ಳು ಹೇಳಿಲ್ಲ.”

ಮತ್ತೊಮ್ಮೆ ಎಲ್ಲವನ್ನೂ ಹೇಳಿದಳು. ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ಪರದೆಯ ಮೇಲಿನ ಪ್ಲಾಸ್ಟರನ್ನು, ಗುಳಿಗೆಯ ಡಬ್ಬಿಯನ್ನು ಬೆರಳಿಂದ ತೋರಿಸಿದಳು. ಯೂನಾ ತೋರಿಸಿದ ಕಡೆಗೆಲ್ಲ ನೋಡಿದಳು. ಅವಳ ಮುಖ ಗಟ್ಟಿಯಾಗುತ್ತ ಹೋಯಿತು.

“ಅಂದ್ರೆ ನನ್ನ ನಾಯಿ ಬದುಕ್ತಿತ್ತು.”

“ಬದುಕಬಹುದಿತ್ತು.”

“ಒಂದು ಗುಳಿಗೆಗೆ ಹೋಯ್ತು.”

“ನನ್ನಿಂದ ಹೋಯ್ತು.”

ಯೂನಾ ಅಳಲಿಲ್ಲ. ಕೇಕಿನ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಮುಚ್ಚಳದ ಮೇಲೆ ಎರಡೂ ಕೈ ಊರಿದಳು. ಆಗ ಗೋಡೆಯ ಮೊಳೆಗೆ ತೂಗುತ್ತಿದ್ದ ಪಟ್ಟಿ ಅವಳ ಕಣ್ಣಿಗೆ ಬಿತ್ತು.

“ಅದು ಟಿಲ್ಲಿದು.”

ಡೋರಿನ್ ಕೊರಳಪಟ್ಟಿ ತೆಗೆದು ಕೊಟ್ಟಳು.

“ಬಿಚ್ಚಿದವಳು ನೀನೇನಾ?”

“ನಾನೇ. ಲೋಹ ಇದ್ರೆ ಚಿತ್ರ ಕೆಡತ್ತೆ.”

“ಹಾಗಾದ್ರೆ ನಿಂಗೆ ಗೊತ್ತಿರತ್ತೆ.” ಯೂನಾ ತಲೆಯೆತ್ತಿದಳು. “ಅವನು ಕಟ್ಟಿದ್ದೆ ಅಂತಾನೆ. ಸರಪಳಿ ಕಿತ್ತೋಯ್ತು ಅಂತಾನೆ. ಅದನ್ನೂ ನಾನು ನಂಬಿಲ್ಲ. ನೀನು ಹೇಳು. ಇದರಲ್ಲಿ ಸರಪಳಿ ಇತ್ತಾ?”

ಕಿಟಕಿಯ ಆಚೆ ಕಾಗೆಗಳು ಕಿರುಚುತ್ತಿದ್ದವು. ಶೆಡ್ಡಿನಲ್ಲಿ ಬಿದ್ದಿರುವ ಮನುಷ್ಯ ಡೋರಿನ್‌ಳ ಕಣ್ಣ ಮುಂದೆ ಬಂದ. ನಿಜ ಹೇಳಿ ಹೊರಗೆ ಹಾಕಿಸಿಕೊಂಡವನು. ಅವನ ಬದುಕಿನ ಒಂದೇ ಒಂದು ನಿಜ ಇರಬೇಕು, ಅದನ್ನೂ ತಾನೇ ಅವನ ಬಾಯಿಗೆ ಹಾಕಿದ್ದು. ಅದರ ಪಕ್ಕದಲ್ಲೇ ಹೆದರಿ ಒಂದು ಸುಳ್ಳು ಇಟ್ಟಿದ್ದಾನೆ. ಈಗ ಇಲ್ಲವೆಂದರೆ ಅವನು ಇನ್ನು ಆ ಮನೆಗೆ ಕಾಲಿಡುವುದಿಲ್ಲ. ಯೂನಾ ಅಂಥ ಹೆಂಗಸು, ಹೇಳಿದರೆ ಹೇಳಿದ್ದೇ. ನಾಯಿ ಬದುಕಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ.

“ಇತ್ತು,” ಎಂದಳು ಡೋರಿನ್. “ತುಂಡಾಗಿತ್ತು.”

“ಆ ತುಂಡು ಎಲ್ಲಿ?”

“ಬಿಸಾಕಿದೆ. ಇದನ್ನೆಲ್ಲ ಯಾರು ಇಟ್ಕೋತಾರೆ?”

ದನಿ ನಡುಗಲಿಲ್ಲ. ಅದೇ ಅವಳಿಗೆ ಅಸಹ್ಯವಾಯಿತು. ಮುಖಕ್ಕೆ ಹೊಡೆದ ಹಾಗೆ ಮಾತಾಡುವುದೆಂದು ಇಡೀ ಊರು ಬಲ್ಲ ಬಾಯಿ, ಅದಕ್ಕೇ ಆ ಸುಳ್ಳಿಗೆ ಅಷ್ಟು ತೂಕ ಬಂತು.

ಯೂನಾ ಹಿತ್ತಾಳೆಯ ಬಳೆಯನ್ನು ಹೆಬ್ಬೆರಳಿನಿಂದ ಸುತ್ತ ಸವರಿದಳು. ಎಲ್ಲೂ ಬಾಗಿರಲಿಲ್ಲ, ಒಂದು ಗೀರು ಸಹ ಇರಲಿಲ್ಲ. “ಸರಪಳಿ ಹೊಸದು. ಕಳೆದ ತಿಂಗಳು ನಾನೇ ತಂದಿದ್ದೆ,” ಎಂದಳು.

ಡೋರಿನ್ ಗುಳಿಗೆಯ ಡಬ್ಬಿಯ ಮುಚ್ಚಳ ಬಿಗಿಮಾಡಿದಳು.

ಯೂನಾ ಎದ್ದಳು. ಕೇಕಿನ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು, ಬಿಟ್ಟುಹೋಗಲಿಲ್ಲ. ಕೊರಳಪಟ್ಟಿಯನ್ನು ಮಾತ್ರ ಮೇಜಿನ ಮೇಲೆ ಇಟ್ಟಳು.

“ಇದು ನಿನ್ನ ಹತ್ರಾನೇ ಇರಲಿ. ಮನೆಗೆ ತಗೊಂಡು ಹೋದ್ರೆ ದಿನಾ ಆ ಬಳೆ ನೋಡ್ತಾ ಕೂರ್ತೀನಿ. ಆಮೇಲೆ ಅವನನ್ನ ಕೇಳ್ದೆ ಇರಕ್ಕಾಗಲ್ಲ.” ಬಾಗಿಲ ಹತ್ತಿರ ನಿಂತಳು. “ಶೆಡ್ಡಲ್ಲಿ ಹಾವು ಜಾಸ್ತಿ. ಇವತ್ತು ಒಳಗೆ ಕರೀತೀನಿ.”

ಡೋರಿನ್ ಕಿಟಕಿಯಿಂದ ನೋಡಿದಳು. ಕ್ಯಾಲಮ್ ಟಿಲ್ಲಿಯನ್ನು ಹೊದಿಕೆಯಲ್ಲಿ ಸುತ್ತಿ ಪಿಕಪ್ಪಿನ ಹಿಂಬದಿಯಲ್ಲಿ ಮಲಗಿಸಿದ್ದ. ಯೂನಾ ಅವನ ಕಡೆ ನೋಡಲೂ ಇಲ್ಲ. ಸೀಟಿನ ಹಿಂದಿನಿಂದ ಹಗ್ಗ ತೆಗೆದಳು, ಟಿಲ್ಲಿಯನ್ನು ಸುತ್ತಿದ ಹೊದಿಕೆಯನ್ನು ಒಂದು ಕಡೆಯ ಕೊಕ್ಕೆಗೆ ಬಿಗಿದಳು, ಇನ್ನೊಂದು ಕಡೆಯ ಕೊಕ್ಕೆಗೆ ಬಿಗಿದಳು, ಎಳೆದು ನೋಡಿದಳು. ಸಾಲದೆನಿಸಿ ಮತ್ತೊಂದು ಸುತ್ತು ಕಟ್ಟಿದಳು. ಆಮೇಲೆ ಗಾಡಿ ಹತ್ತಿ ಮೆಲ್ಲಗೆ ಓಡಿಸಿಕೊಂಡು ಹೋದಳು.